ಜ್ವರದ ಮಣೆ

ನಮ್ಮೂರಿನಲ್ಲಿ ಬಟ್ಟೆ ಮೈಮೇಲೆ ಮಾತ್ರ ಒಣಗುತ್ತದೆ. ಹಗ್ಗದ ಮೇಲೆ ಹರವಿದರೆ ಹರವಿದ ಹಾಗೇ ಇರುತ್ತದೆ. ಒಲೆಯ ಮುಂದೆ ಹಿಡಿದರೆ ಹೊಗೆಯ ವಾಸನೆ ಹತ್ತುತ್ತದೆಯೇ ಹೊರತು ಹಸಿ ಆರುವುದಿಲ್ಲ. ಇಸ್ತ್ರಿ ಪೆಟ್ಟಿಗೆ ಇಟ್ಟರೆ ಬುಸ್ಸೆಂದು ಆವಿ ಎದ್ದು, ಆಮೇಲೆ ಮುಟ್ಟಿ ನೋಡಿದರೆ ಮೊದಲಿನಷ್ಟೇ ಒದ್ದೆ. ಮೇಲಿನಿಂದ ಜಿನುಗುವ ಮಳೆಯಂತೂ ನಿಂತದ್ದನ್ನು ಕಂಡವರಿಲ್ಲ. ಒಮ್ಮೆ ಜೋರಾಗಿ ಹೊಯ್ದು ಹೋಗಿಬಿಡುವ ಮಳೆಯಲ್ಲ ಅದು. ಹೊರಟೆ ಹೊರಟೆ ಎನ್ನುತ್ತಲೇ ಜಗಲಿಯಲ್ಲಿ ಕೂತಿರುವ ನೆಂಟ ಇರುತ್ತಾನಲ್ಲ, ಅಂಥದ್ದು. ಹಾಗಾಗಿ ಒಗೆದ ಬಟ್ಟೆಯನ್ನು ಹಿಂಡಿ, ಕೊಡವಿ, ಯಾರಾದರೊಬ್ಬರು ಹಾಕಿಕೊಳ್ಳಬೇಕು. ಅವರ ಮೈಬಿಸಿಗೆ ಅದು ಆರಬೇಕು. ಆಮೇಲೆ ಬೇಕಾದವರು ತೊಡಬಹುದು.

ಇಲ್ಲಿ ಯಾರ ಮನೆಯಲ್ಲಿ ಎಷ್ಟು ಜನ ಎನ್ನುವುದನ್ನು ಅವರ ಬಟ್ಟೆಯ ದಪ್ಪ ನೋಡಿಯೇ ಹೇಳಬಹುದು. ಸ್ವೆಟರ್ ಹಾಕಿಕೊಂಡವನು ಬೀದಿಯಲ್ಲಿ ಬಂದರೆ ಅವನ ಹಿಂದೆ ಕನಿಷ್ಠ ಐದಾರು ಅತ್ತಿಗೆ ನಾದಿನಿಯರಿದ್ದಾರೆ ಎಂದರ್ಥ. ಮದುವೆಯಲ್ಲಿ ಜೀನ್ಸ್ ಪ್ಯಾಂಟು ಕೇಳಿದ ಒಬ್ಬ ಅಳಿಯನಿಗೆ ಮಾವ ಕೈಮುಗಿದು, ಬೇಕಾದರೆ ಇನ್ನೊಂದು ಎಮ್ಮೆ ಕೊಡುತ್ತೇನೆ ಎಂದಿದ್ದನಂತೆ. ಒಂಟಿ ಜನ ತೆಳ್ಳನೆಯ ಟೆರಿಕಾಟ್ ಬಿಟ್ಟು ಬೇರೆ ಮುಟ್ಟುವುದಿಲ್ಲ. ಹೆಂಗಸರು ಸೀರೆಯನ್ನು ಮೊಣಕಾಲಿನ ಕೆಳಗಷ್ಟೇ ಬರುವಂತೆ ಎತ್ತಿ ಉಡುತ್ತಾರೆ, ತಲೆಯ ಮೇಲಿಂದ ಪ್ಲಾಸ್ಟಿಕ್ ಹಾಳೆಯ ಕೊಪ್ಪೆ ಇಳಿಬಿಡುತ್ತಾರೆ, ಎಳೆಮಕ್ಕಳ ಅಂಗಿ ಚಡ್ಡಿಗಳನ್ನು ತೋಳಿಗೆ ಬಿಗಿದುಕೊಂಡು ಸಂತೆಗೆ ಹೋಗುತ್ತಾರೆ. ಮೂರು ಮಕ್ಕಳ ತಾಯಿ ಬರುತ್ತಿದ್ದರೆ ಗಾಯಕ್ಕೆ ಪಟ್ಟಿ ಸುತ್ತಿಸಿಕೊಂಡು ಆಸ್ಪತ್ರೆಯಿಂದ ಬಂದವಳ ಹಾಗೆ ಕಾಣುತ್ತಾಳೆ.

ನಾನು ಶೇಷಗಿರಿ, ನಲವತ್ತೇಳು ವರ್ಷ, ದಾಖಲೆ ಕಚೇರಿಯಲ್ಲಿ ಗುಮಾಸ್ತ. ಕಾಗದಕ್ಕೆ ತೇವ ತಾಗಬಾರದೆಂದು ನಮ್ಮಲ್ಲಿ ಒಣಬಟ್ಟೆಯವರಿಗೆ ಮಾತ್ರ ಒಳಗೆ ಪ್ರವೇಶ. ಬಾಗಿಲಲ್ಲಿ ದಫೇದಾರ್ ಮರಿಯಣ್ಣ ಒಬ್ಬೊಬ್ಬರ ಬೆನ್ನಿಗೂ ಅಂಗೈ ಒತ್ತಿ ನೋಡಿಯೇ ಬಿಡುವುದು. ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ನನ್ನನ್ನು ಅವನು ವಾಪಸು ಕಳಿಸಿರಲಿಲ್ಲ. ಅದಕ್ಕೆ ಕಾರಣ ನನ್ನ ಅಕ್ಕ ವಾರಿಜ. ನನಗಿಂತ ಒಂಬತ್ತು ವರ್ಷ ದೊಡ್ಡವಳು. ನಾನು ಹುಟ್ಟಿದ ವರ್ಷವೇ ಅಮ್ಮ ಹೋದಮೇಲೆ ನನ್ನನ್ನು ಸಾಕಿದವಳು. ರಾತ್ರಿ ನನ್ನ ಒದ್ದೆ ಅಂಗಿಯನ್ನು ರವಿಕೆಯ ಮೇಲೆ ತೊಟ್ಟು ಮಲಗಿ, ಬೆಳಿಗ್ಗೆ ನನ್ನ ಸ್ನಾನ ಮುಗಿಯುವಷ್ಟರಲ್ಲಿ ಬಿಚ್ಚಿ ಗೂಟಕ್ಕೆ ಹಾಕುತ್ತಿದ್ದಳು. ತನ್ನ ಸೀರೆಯನ್ನು ಮಾತ್ರ ಹಸಿಯಾಗಿಯೇ ಉಟ್ಟುಕೊಂಡು, ಕೆಲಸ ಮಾಡುತ್ತ ಮಾಡುತ್ತ ಮೈಮೇಲೇ ಆರಿಸಿಕೊಳ್ಳುತ್ತಿದ್ದಳು. ನಾನು ಹೋದ ವರ್ಷದವರೆಗೂ ಒಂದೂ ಒದ್ದೆ ಅಂಗಿ ತೊಟ್ಟವನಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ನಾನು ಮದುವೆಯಾಗಲಿಲ್ಲ. ಬೇಕೆಂದು ಅನ್ನಿಸಲೇ ಇಲ್ಲ, ಅಂಗಿ ಒಣಗಿಯೇ ಇರುತ್ತಿತ್ತು.

ಅಕ್ಕನಿಗೆ ಇಪ್ಪತ್ತೆರಡಾಗಿದ್ದಾಗ ಗಂಡಿನ ಕಡೆಯವರು ಬಂದಿದ್ದರು. ನಮ್ಮಲ್ಲಿ ಹೆಣ್ಣು ನೋಡುವಾಗ ಹಾಡು ಹೇಳಿಸುವುದಿಲ್ಲ, ಒದ್ದೆ ಟವೆಲು ಹೊದಿಸುತ್ತಾರೆ. ಗಂಡಿನ ತಾಯಿ ತನ್ನ ಕೈಯಾರೆ ಟವೆಲು ಹಿಂಡಿ ಅಕ್ಕನ ಹೆಗಲಿಗೆ ಹಾಕಿ ಉಪ್ಪಿಟ್ಟಿನ ತಟ್ಟೆ ಎತ್ತಿಕೊಂಡರು. ಕಾಫಿ ಬರುವಷ್ಟರಲ್ಲಿ ಟವೆಲು ಗರಿಗರಿಯಾಗಿತ್ತು. ಆಕೆ ಅಕ್ಕನ ಗದ್ದ ಹಿಡಿದು, "ಬಂಗಾರದಂಥ ಮೈ," ಎಂದರು. ಅವತ್ತು ಸಂಜೆ ಅಕ್ಕ ಅಪ್ಪನ ಹತ್ತಿರ, "ನಾನು ಹೋದ್ರೆ ಇವನ ಅಂಗಿ ಯಾರು ಒಣಗಿಸ್ತಾರೆ?" ಎಂದಳು. ಹದಿಮೂರು ವರ್ಷದ ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಅಪ್ಪನಾದರೂ ಅವಳನ್ನು ಗದರಿ ಒಪ್ಪಿಸಬೇಕಿತ್ತು. ಅಪ್ಪನ ಪಂಚೆಯನ್ನೂ ಅವಳೇ ಒಣಗಿಸುತ್ತಿದ್ದಳು.

ಹೋದ ವರ್ಷ ಅಕ್ಕನಿಗೆ ಜ್ವರ ಬಂತು. ಜ್ವರ ಎಂದರೆ ನಮ್ಮ ಬೀದಿಯಲ್ಲಿ ಸಣ್ಣದೊಂದು ಹಬ್ಬ. ಜ್ವರದ ಮನೆಯವರು ಬಾಗಿಲ ಹೊರಗೆ ಒಂದು ಮಣೆ ಹಾಕುತ್ತಾರೆ. ಅಕ್ಕಪಕ್ಕದವರು ಗಂಜಿಯನ್ನೋ ಸಾರನ್ನೋ ತಂದು ಕೊಟ್ಟು, ಜೊತೆಗೆ ತಂದ ಒದ್ದೆ ಬಟ್ಟೆಯನ್ನು ಮಣೆಯ ಮೇಲೆ ಇಟ್ಟು ಹೋಗುತ್ತಾರೆ. ಕಾದ ಮೈಯಲ್ಲಿ ಒಂದು ಜಮಖಾನವಾದರೂ ಅರ್ಧ ದಿನಕ್ಕೆ ಒಣಗುತ್ತದೆ. ಇವತ್ತು ನನ್ನ ಮನೆಯ ಜ್ವರ, ನಾಳೆ ನಿನ್ನ ಮನೆಯದು. ಇಲ್ಲ ಎಂದವರ ಹೆಸರನ್ನು ನಾನಂತೂ ಕೇಳಿರಲಿಲ್ಲ. ಅಕ್ಕ ಎದ್ದು ಕೂತು, ಕಣ್ಣು ಕೆಂಪಗೆ ಮಾಡಿಕೊಂಡು, "ಮಣೆ ಹಾಕೋ ಶೇಷು," ಎಂದಳು. ಎರಡು ದಿನದಲ್ಲಿ ಬೀದಿಯ ಹದಿನೆಂಟು ಮನೆಗಳ ಬಟ್ಟೆ ಅವಳ ಮೈಮೇಲೆ ಹಾದು ಹೋಯಿತು. ಒಂದರ ಮೇಲೊಂದು ತೊಟ್ಟು, ಬಣ್ಣದ ಮೂಟೆಯ ಹಾಗೆ ಕೂತು, ಯಾವುದು ಯಾರದೆಂದು ತಪ್ಪದೆ ಮಡಿಸಿ ಕೊಡುತ್ತಿದ್ದಳು. ಅವಳ ಮುಖದಲ್ಲಿ ಅಂಥ ಹೆಮ್ಮೆಯನ್ನು ನಾನು ನೋಡಿರಲಿಲ್ಲ. ನನಗೂ ಖುಷಿಯಾಯಿತು, ಸುಳ್ಳು ಹೇಳಲಾರೆ. ನನ್ನ ಒಂದು ವಾರದ ಅಂಗಿ ಒಂದೇ ಮಧ್ಯಾಹ್ನ ಒಣಗಿಬಿಟ್ಟಿತ್ತು, ಅದರಲ್ಲಿ ಎರಡನ್ನು ನಾನೇ ದೊಡ್ಡ ಮನಸ್ಸು ಮಾಡಿ ಕಚೇರಿಯ ಗೆಳೆಯನಿಗೆ ಕೊಟ್ಟುಬಿಟ್ಟೆ.

ಐದನೆಯ ದಿನ ಕೆಮ್ಮು ಶುರುವಾಯಿತು. ಕೆಮ್ಮಿದಾಗ ಎದೆಯೊಳಗೆ ಯಾರೋ ಕೊಡ ಅಲುಗಿಸಿದ ಸದ್ದು. ಡಾಕ್ಟರಮ್ಮನನ್ನು ಕರೆತಂದೆ. ಅವರು ಅಕ್ಕನ ಬೆನ್ನಿಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿ, ಮೈಮೇಲಿದ್ದ ಬಟ್ಟೆಗಳನ್ನು ಒಂದೊಂದಾಗಿ ಬಿಚ್ಚಿಸಿದರು. "ಎದೆಗೆ ಇಳಿದಿದೆ. ಇನ್ನು ಇವರ ಮೈಮೇಲೆ ಹಸಿ ಅನ್ನೋದು ಬೀಳಕೂಡದು. ಒಂದು ಕರ್ಚೀಫೂ ಬೇಡ. ಮತ್ತೆ ಹೀಗೆ ಮಾಡಿದ್ರೆ ಇವರು ಉಳಿಯಲ್ಲ, ನಿಮಗೆ ಬಿಡಿಸಿ ಹೇಳ್ತಿದ್ದೀನಿ." ಅವರ ಜೊತೆ ಚೀಲ ಹೊತ್ತು ಬಂದಿದ್ದ ಕಾಂಪೌಂಡರ್ ಹೊರಡುವಾಗ ನನ್ನನ್ನು ಬಾಗಿಲ ಬದಿಗೆ ಕರೆದು, "ಹೇಗಿದ್ರೂ ಇವತ್ತೊಂದು ದಿನ ಜ್ವರ ಇರುತ್ತಲ್ಲ ಸಾರ್, ನಂದೊಂದು ಪ್ಯಾಂಟಿತ್ತು..." ಎಂದು ರಾಗ ಎಳೆದ. ಅವನ ಮೇಲೆ ಸಿಟ್ಟು ಬರಲಿಲ್ಲ. ಅವನ ಕಾಲಿಗಂಟಿದ್ದ ಪ್ಯಾಂಟಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ನಾನು ಮಣೆಯನ್ನು ಒಳಗೆ ತಂದೆ. ಅಕ್ಕ ಮಲಗಿದಲ್ಲಿಂದಲೇ ನೋಡಿ, "ಮಣೆ ತೆಗೆದ್ಯಾ? ಜನ ಏನಂದ್ಕೋತಾರೆ?" ಎಂದಳು. "ಡಾಕ್ಟರಮ್ಮ ಹೇಳಿದ್ದು ಕೇಳಿಸ್ಲಿಲ್ವಾ ನಿಂಗೆ?" ಎಂದೆ. "ಆ ಹುಡುಗಿಗೆ ಏನು ಗೊತ್ತು. ನಾನು ಸಣ್ಣೋಳಿದ್ದಾಗ ಹನ್ನೊಂದು ದಿನ ಜ್ವರ ಕಾದು ಅರ್ಧ ಊರಿನ ಬಟ್ಟೆ ಒಣಗಿಸಿದ್ದೀನಿ." ಮುಂದೆ ಹೇಳಲು ಕೆಮ್ಮು ಬಿಡಲಿಲ್ಲ. ನಾನು ಮಣೆಯನ್ನು ಮಂಚದ ಕೆಳಗೆ ತಳ್ಳಿ ಬಾಗಿಲು ಹಾಕಿದೆ.

ಮಾರನೆಯ ದಿನ ನಾನು ಕಚೇರಿಗೆ ಹೊರಡುವ ಹೊತ್ತಿಗೆ ಎದುರುಮನೆಯ ಸುಬ್ಬಕ್ಕ ಬಂದರು. ಗಂಡ ತೀರಿಕೊಂಡ ಮೇಲೆ ಇಬ್ಬರು ಮೊಮ್ಮಕ್ಕಳನ್ನು ಇಟ್ಟುಕೊಂಡು ಹೂ ಕಟ್ಟಿ ಬದುಕುವ ಹೆಂಗಸು. ಕೈಯಲ್ಲಿ ಸಾರಿನ ಪಾತ್ರೆ, ಕಂಕುಳಲ್ಲಿ ಮೊಮ್ಮಕ್ಕಳ ಶಾಲೆಯ ಬಟ್ಟೆಯ ಗಂಟು. ಮಣೆ ಇದ್ದ ಜಾಗ ನೋಡಿದರು, ನನ್ನನ್ನು ನೋಡಿದರು. "ಇಲ್ಲ ಸುಬ್ಬಕ್ಕ. ಡಾಕ್ಟ್ರು ಬೇಡ ಅಂದಿದ್ದಾರೆ. ಎದೆಗೆ ಇಳಿದಿದೆ," ಎಂದೆ. ಅವರು ಪಾತ್ರೆಯನ್ನು ಹೊಸ್ತಿಲ ಮೇಲೆ ಇಟ್ಟರು. "ನಮ್ಮನೆಯೋರಿಗೂ ಎದೆಗೇ ಇಳಿದಿತ್ತು. ಆವಾಗ ನಿನ್ನ ಎರಡು ಪ್ಯಾಂಟು, ಒಂದು ಕೋಟು ಅವರ ಮೈಮೇಲೇ ಇತ್ತು ಕಣೋ. ಕೋಟು ಒಣಗಿದ ಮೂರನೇ ದಿನಕ್ಕೆ ಹೋದ್ರು. ನಾನೇನಾದ್ರೂ ಮಣೆ ತೆಗೆದಿದ್ನಾ? ನಿನ್ನ ಮುಂದೆ ಬಾಗಿಲು ಹಾಕಿದ್ನಾ?" ಆ ಕೋಟನ್ನು ನಾನೇ ತೆಗೆದುಕೊಂಡು ಹೋಗಿ ಕೊಟ್ಟಿದ್ದೆ. ಸಾವಿನ ಮನೆಯಿಂದ ಅದನ್ನು ಕೇಳಿ ತಂದವನೂ ನಾನೇ. "ತಪ್ಪಾಯ್ತು ಸುಬ್ಬಕ್ಕ. ಆದ್ರೂ ಅಕ್ಕನ್ನ ಕೊಡಲಾರೆ," ಎಂದೆ. ಅವರು ಗಂಟನ್ನು ಬಿಗಿದುಕೊಂಡು, ಹೊರಡುವ ಮುಂಚೆ ನನ್ನ ತೋಳನ್ನು ಎರಡು ಬೆರಳಲ್ಲಿ ಮುಟ್ಟಿ ನೋಡಿದರು. "ಇದು ಯಾರು ಒಣಗಿಸಿದ್ದಪ್ಪಾ ಹಾಗಾದ್ರೆ?" ಎಂದರು. "ಮೊದಲೇ ಒಣಗಿಸಿಟ್ಟಿದ್ದು," ಎಂದು ಗಂಟು ಮುಖ ಹಾಕಿಕೊಂಡು ಹೇಳಿದೆ. ನನ್ನ ಕಷ್ಟ ಅರ್ಥ ಮಾಡಿಕೊಳ್ಳದೆ ಹಂಗಿಸುತ್ತಾರಲ್ಲ ಎಂದು ದಾರಿಯುದ್ದಕ್ಕೂ ಬೇಜಾರಾಯಿತು.

ಮೊದಲೇ ಒಣಗಿಸಿಟ್ಟ ಅಂಗಿಗಳು ಅಷ್ಟರಲ್ಲಿ ಮುಗಿದುಹೋಗಿದ್ದವು. ಅದನ್ನು ನಾನು ಲೆಕ್ಕ ಹಾಕಲೇ ಇಲ್ಲ. ಬೆಳಿಗ್ಗೆ ಎದ್ದರೆ ಗೂಟದಲ್ಲಿ ಅಂಗಿ ಇರುತ್ತಿತ್ತು, ಹಾಕಿಕೊಳ್ಳುತ್ತಿದ್ದೆ. ಗೂಟದಲ್ಲಿ ಅಂಗಿ ಇರುವುದು ಕಿಟಕಿಯಲ್ಲಿ ಬೆಳಕಿರುವ ಹಾಗೆ ಎಂದುಕೊಂಡವನು ನಾನು.

ಮರುದಿನ ಸಂಜೆ ಕಚೇರಿಯಿಂದ ಬಂದಾಗ ಅಕ್ಕ ಕಂಬಳಿಯನ್ನು ಗಂಟಲಿನವರೆಗೆ ಎಳೆದುಕೊಂಡು ಗಡಗಡ ನಡುಗುತ್ತಿದ್ದಳು. ಹಣೆ ಕೆಂಡದಂತೆ ಸುಡುತ್ತಿತ್ತು. ಬಿಸಿನೀರು ಕುಡಿಸಲೆಂದು ಎಬ್ಬಿಸಿ ಕೂರಿಸಿದರೆ ಕಂಬಳಿ ಜಾರಿತು. ಒಳಗೆ ನನ್ನ ನೀಲಿ ಗೆರೆಯ ಅಂಗಿ. ಅದರ ಕೆಳಗೆ ಬಿಳಿಯದು. ಎರಡೂ ಒದ್ದೆ. ನಾನು ಕಚೇರಿಗೆ ಹೋದಮೇಲೆ ಎದ್ದು, ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗಿ, ಅವನ್ನು ಒಗೆದು ಹಿಂಡಿ ಹಾಕಿಕೊಂಡಿದ್ದಳು. ನಾನು ಇವತ್ತು ತೊಟ್ಟದ್ದೂ ಹಾಗೆಯೇ, ನಿನ್ನೆ ತೊಟ್ಟದ್ದೂ ಹಾಗೆಯೇ. ಸುಬ್ಬಕ್ಕನ ಮುಂದೆ ಬಾಗಿಲಿಗೆ ಅಡ್ಡ ನಿಂತಾಗ ನಾನು ತೊಟ್ಟಿದ್ದದ್ದು ಅಂಥದೇ ಅಂಗಿ.

"ಯಾಕೆ ಹೀಗೆ ಮಾಡ್ದೆ?" ಎಂದೆ. "ನಾಳೆಗೆ ನಿಂಗೆ ಇರಲಿಲ್ಲ," ಎಂದಳು ಅಕ್ಕ, ಉಪ್ಪು ಮುಗಿದಿತ್ತು ಎನ್ನುವಷ್ಟು ಸಲೀಸಾಗಿ. "ಒದ್ದೇದೇ ಹಾಕ್ಕೊಂಡು ಹೋಗ್ತಿದ್ದೆ." "ಒಳಗೆ ಬಿಡಲ್ಲ ಕಣೋ." "ಬಿಡದಿದ್ರೆ ಬಿಡಲಿ." "ನಿಂಗೆ ಅಭ್ಯಾಸವಿಲ್ಲ, ಶೀತ ಆಗುತ್ತೆ." ಜ್ವರದಲ್ಲಿ ಹಲ್ಲು ಕಟಕಟ ಎನ್ನುತ್ತಿದ್ದವಳು ನನಗೆ ಶೀತವಾಗುತ್ತದೆ ಎಂದು ಹೆದರಿದ್ದಳು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಅಸಹ್ಯ ಬಂತು, ನನ್ನ ಮೇಲೇ. ಬೈಯುತ್ತ ಬೈಯುತ್ತ ಅವಳ ಕೈ ಎತ್ತಿಸಿ ಎರಡೂ ಅಂಗಿಯನ್ನು ಎಳೆದು ತೆಗೆದೆ. ಒಣ ಸೀರೆ ಹೊದಿಸಿ, ಕಂಬಳಿ ಮುಚ್ಚಿದೆ. ಆಮೇಲೆ ನನ್ನದನ್ನು ಬಿಚ್ಚಿ ಆ ನೀಲಿ ಗೆರೆಯದನ್ನು ತೊಟ್ಟೆ.

ಮೈಗೆ ತಾಗಿದ ಕೂಡಲೇ ಉಸಿರು ನಿಂತುಹೋಯಿತು. ಚಳಿ ಬೆನ್ನಿನಿಂದ ಹೊಟ್ಟೆಗೆ ಇಳಿಯಿತು. ಕುರ್ಚಿಯ ಮೇಲೆ ಮುದುರಿ ಕೂತೆ. ಅಕ್ಕ ಕಣ್ಣು ಮುಚ್ಚಿಕೊಂಡೇ, "ಕೂರಬೇಡ, ಓಡಾಡು," ಎಂದಳು. ಎದ್ದು ಓಡಾಡಿದೆ. "ಕೈ ಕಟ್ಟಬೇಡ, ಕಂಕುಳು ಒಣಗಲ್ಲ." ಕೈ ಬಿಟ್ಟೆ. "ಮೈಯಿಂದ ಬಿಡಿಸಿ ಬಿಡಿಸಿ ಕೊಡವಬೇಡವೋ, ಅಂಟಿರಲಿ, ಅಂಟಿದ್ರೇ ಆರೋದು." ಅಡುಗೆಮನೆಯಿಂದ ನಡುಮನೆಗೆ, ನಡುಮನೆಯಿಂದ ಅಡುಗೆಮನೆಗೆ ನಡೆದೆ. ಅವಳು ಈ ಮನೆಯಲ್ಲಿ ಯಾವತ್ತೂ ಕೂತದ್ದನ್ನು ನಾನು ಯಾಕೆ ನೋಡಿರಲಿಲ್ಲ ಎನ್ನುವುದು ಆಗ ತಿಳಿಯಿತು. ಅಂಗಿ ಮಾತ್ರ ಒಣಗಲಿಲ್ಲ. ನನ್ನ ಮೈಯಲ್ಲಿ ಬಿಸಿ ಇತ್ತೋ ಇಲ್ಲವೋ, ಅದನ್ನು ಬಳಸಿಯೇ ಗೊತ್ತಿರಲಿಲ್ಲ.

ಬೆಳಿಗ್ಗೆ ದಫೇದಾರ್ ಮರಿಯಣ್ಣ ನನ್ನ ಬೆನ್ನಿಗೆ ಅಂಗೈ ಒತ್ತಿದವನು ಬೆಂಕಿ ಮುಟ್ಟಿದಂತೆ ಕೈ ತೆಗೆದ. "ಏನ್ ಸಾರ್ ಇದು, ನೀವಾ?" "ಅಕ್ಕಂಗೆ ಜ್ವರ," ಎಂದೆ. "ಜ್ವರವಾ? ಹಾಗಾದ್ರೆ ಬೇಗ ಒಣಗಬೇಕಲ್ಲ ಸಾರ್?" ಎಂದು ಪಾಪ ನಿಜವಾಗಿಯೂ ಗೊಂದಲಪಟ್ಟ. ನನ್ನನ್ನು ಹೊರಗಿನ ಕಿಟಕಿಗೆ ಹಾಕಿದರು. ತಗಡಿನ ಸೂರಿನ ಕೆಳಗೆ ಅರ್ಜಿ ತೆಗೆದುಕೊಂಡು ಒಳಗೆ ದಾಟಿಸುವ ಕೆಲಸ. ಅಲ್ಲಿ ಆಗಲೇ ನಾಲ್ಕು ಜನ ಇದ್ದರು, ಮನೆಯಲ್ಲಿ ಯಾರೂ ಇಲ್ಲದವರು. ನಾನು ಹೋಗುತ್ತಲೇ ಒಬ್ಬ ಬೆಂಚಿನಲ್ಲಿ ಸರಿದು ಜಾಗ ಕೊಟ್ಟ. ಇಷ್ಟು ವರ್ಷ ಅವನ ಮುಂದೆ ದಿನವೂ ಹಾದು ಹೋಗಿದ್ದೆ, ಅವನ ಹೆಸರು ಗೊತ್ತಿರಲಿಲ್ಲ. ಎಲ್ಲರ ಮೈಯೂ ಭಾರ, ಮಾತೂ ಭಾರ. ಮಧ್ಯಾಹ್ನದ ಹೊತ್ತಿಗೆ ನನಗೆ ತೋಳು ಎತ್ತುವುದೇ ಬೇಡವಾಗುತ್ತಿತ್ತು. ಸುಸ್ತು ಎಂದರೆ ಏನೆಂದು ತಿಳಿಯದೆಯೇ ನಾನು ಆ ಮಾತನ್ನು ಬೇಕಾದಷ್ಟು ಸಲ ಆಡಿದ್ದೆ.

ಜ್ವರ ಇಳಿಯಿತು. ಕೆಮ್ಮೂ ನಿಧಾನವಾಗಿ ಹೋಯಿತು. ಡಾಕ್ಟರಮ್ಮ ಬಂದು ಬೆನ್ನು ತಟ್ಟಿ, ಗೆದ್ದಿರಿ ಎಂದರು. ಅಕ್ಕ ಹಾಸಿಗೆ ಬಿಟ್ಟು ಎದ್ದ ದಿನ ಮೊದಲು ಮಾಡಿದ ಕೆಲಸವೆಂದರೆ ನನ್ನ ಒಂದು ಕರ್ಚೀಫನ್ನು ನೆನೆಸಿ ಹಿಂಡಿ ಹೆಗಲ ಮೇಲೆ ಹಾಕಿಕೊಂಡದ್ದು. ನಾನು ಬೇಡವೆಂದರೂ ಕೇಳಲಿಲ್ಲ. ಸಾರಿಗೆ ಬೇಳೆ ಇಟ್ಟಳು, ಇಳಿಸಿದಳು, ಊಟವಾಯಿತು, ಪಾತ್ರೆ ತೊಳೆದಳು. ಸಂಜೆ ಕರ್ಚೀಫನ್ನು ತೆಗೆದು ಕೆನ್ನೆಗೆ ಒತ್ತಿಕೊಂಡಳು. ಹಿಂಡಿದಾಗ ಹೇಗಿತ್ತೋ ಹಾಗೇ ಇತ್ತು. "ಹೋಯ್ತು ಕಣೋ ಶೇಷು," ಎಂದಳು. "ಜ್ವರ ಹೋಗ್ಲೇಬೇಕಿತ್ತಲ್ಲ ಅಕ್ಕ." "ಅದಲ್ಲ. ನನ್ ಮೈಬಿಸಿ ಹೋಯ್ತು." ನಾನು ಅವಳ ಕೈ ಹಿಡಿದೆ. ಮಣ್ಣಿನ ನೆಲದಂತೆ ತಣ್ಣಗಿತ್ತು. ಮೈ ತಣ್ಣಗಾದವರು ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರೂ ಬದುಕುತ್ತಾರೆ ಎಂದು ಏನೇನೋ ಹೇಳಿದೆ. ಅವಳು ಕೇಳಿಸಿಕೊಂಡು, "ಇನ್ನು ನಾನ್ಯಾತಕ್ಕೋ," ಎಂದು ಎದ್ದು ಒಳಗೆ ಹೋದಳು. ಅವಳ ಜೀವ ಉಳಿಸಿಕೊಂಡೆ ಎಂದು ನಾನು ಅಲ್ಲಿಯವರೆಗೆ ಮನಸ್ಸಿನಲ್ಲೇ ಬೀಗಿಕೊಂಡಿದ್ದೆ.

ಒಂದು ವಾರ ಕಳೆಯಿತು. ಅಕ್ಕ ಉಟ್ಟಿದ್ದ ಕಂದು ಸೀರೆ ಬದಲಾಗಲಿಲ್ಲ. ನಾನು ಆಗಲೂ ತಡವಾಗಿಯೇ ನೋಡಿದೆ. ಒಗೆದರೆ ಒಣಗಿಸುವವರು ಬೇಕಲ್ಲ, ಅದಕ್ಕೆ ಅವಳು ಒಗೆಯುತ್ತಲೇ ಇರಲಿಲ್ಲ. ಉಳಿದ ಸೀರೆಗಳನ್ನು ಗಂಟು ಕಟ್ಟಿ ಅಟ್ಟಕ್ಕೆ ಹಾಕಿದ್ದಳು. ಆ ಹೊತ್ತಿಗೆ ನಾನು ಒಂದು ಅಂಗಿಯನ್ನು ಒಂದು ದಿನದೊಳಗೆ ಒಣಗಿಸುವಷ್ಟು ಕಲಿತಿದ್ದೆ. ಭಾನುವಾರ ಬೆಳಿಗ್ಗೆ ಗಂಟು ಇಳಿಸಿ, ಹಸಿರು ಹತ್ತಿ ಸೀರೆಯನ್ನು ಒಗೆದು, ಹಿಂಡಿ, ಬನಿಯನ್ನಿನ ಮೇಲೆ ಎದೆಯ ಸುತ್ತ ಸುತ್ತಿಕೊಂಡು, ಮೇಲೆ ಕೊಪ್ಪೆ ಎಳೆದುಕೊಂಡು ಹೊರಟೆ. ನಡೆದರೆ ಬೇಗ ಆರುತ್ತದೆ. ಅಕ್ಕ ಬಾಗಿಲಿಗೆ ಅಡ್ಡ ಬಂದಳು. "ಗಂಡಸು ಸೀರೆ ಸುತ್ಕೊಂಡು ಬೀದೀಲಿ ಹೋಗ್ತೀಯಾ? ನಗಲ್ವಾ ಜನ?" "ನಗಲಿ. ನಕ್ಕರೆ ಅವರಿಗೂ ಸ್ವಲ್ಪ ಬಿಸಿಯಾಗುತ್ತೆ," ಎಂದು ಅವಳನ್ನು ಪಕ್ಕಕ್ಕೆ ಸರಿಸಿದೆ.

ಜನ ನಕ್ಕರು. ಸುಬ್ಬಕ್ಕ ನಗಲಿಲ್ಲ. ಮಣೆ ತೆಗೆದ ಮೇಲೆ ನನ್ನ ಜೊತೆ ಮಾತು ಬಿಟ್ಟಿದ್ದವರು, ಜಗಲಿಯಿಂದ, "ಏಯ್, ಬಾ ಇಲ್ಲಿ," ಎಂದು ಕೂಗಿದರು. ಹೋದೆ. "ಎದೆಗೆ ಸುತ್ತಿಕೊಂಡ್ರೆ ನಿಂಗೂ ಕೆಮ್ಮು ಹಿಡಿಯುತ್ತೆ. ಹೊಟ್ಟೆಗೆ ಸುತ್ತಬೇಕು, ಬಿಸಿ ಇರೋದು ಅಲ್ಲಿ." ಹೂವಿನ ಬುಟ್ಟಿ ಬದಿಗಿಟ್ಟು, ಇಡೀ ಸೀರೆಯನ್ನು ಬಿಚ್ಚಿ, ಸೊಂಟದಿಂದ ಮೇಲಕ್ಕೆ ಒಂದೊಂದು ಸುತ್ತು ಬಿಗಿಯಾಗಿ ಸುತ್ತತೊಡಗಿದರು. "ಸುಬ್ಬಕ್ಕ, ಅವತ್ತು ನನ್ನ ಮೈಮೇಲಿದ್ದ ಅಂಗಿ ಅಕ್ಕನೇ ಒಣಗಿಸಿದ್ದು. ನಂಗೆ ಗೊತ್ತಿರಲಿಲ್ಲ," ಎಂದೆ. "ಇಡೀ ಬೀದಿಗೆ ಗೊತ್ತಿತ್ತು," ಎಂದರು ಅವರು. "ಕೈ ಎತ್ತು."

ಗಿರಣಿಯವರೆಗೆ ಹೋದೆ, ಸೇತುವೆ ದಾಟಿದೆ, ಸಂತೆ ಮೈದಾನ ಸುತ್ತಿ ಮತ್ತೆ ಸೇತುವೆಗೆ ಬಂದೆ. ದಣಿವಾದಾಗ ಯಾವುದೋ ಅಂಗಡಿಯ ಸೂರಿನ ಕೆಳಗೆ ನಿಂತು ಬಿಸಿ ಚಹಾ ಕುಡಿದು ಮತ್ತೆ ನಡೆದೆ. ದೀಪ ಹಚ್ಚುವ ಹೊತ್ತಿಗೆ ಕೈಯಾಡಿಸಿ ನೋಡಿದರೆ ಅಂಚಿನವರೆಗೂ ಆರಿತ್ತು. ಮನೆಗೆ ಬಂದು ನಡುಮನೆಯಲ್ಲೇ ಬಿಚ್ಚಿ, ಮಡಿಸದೆ, ಹಾಗೇ ಮುದ್ದೆಯಾಗಿ ಅಕ್ಕನ ಕೈಗೆ ಕೊಟ್ಟು ಗೋಡೆಗೆ ಒರಗಿ ಕೂತುಬಿಟ್ಟೆ.

ಅವಳು ಒಳಗೆ ಹೋಗಿ ಉಟ್ಟುಕೊಂಡು ಬಂದಳು. ಬಂದವಳು ನಡುಮನೆಯ ಮಧ್ಯೆ ನಿಂತೇ ಇದ್ದಳು. ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಕತ್ತಿಗೆ ಒತ್ತಿಕೊಂಡಿದ್ದಳು. "ಇದೇನೋ, ಬೆಚ್ಚಗಿದೆ," ಎಂದಳು. ಈಗಷ್ಟೇ ಮೈಯಿಂದ ಬಿಚ್ಚಿದ್ದಲ್ಲವೇ ಎಂದೆ. "ಬೇರೆಯೋರು ಒಣಗಿಸಿಕೊಟ್ಟಿದ್ದು ಹಾಕ್ಕೊಂಡ್ರೆ ಹೀಗೆ ಬೆಚ್ಚಗಿರುತ್ತಾ?" ಅವಳು ತಮಾಷೆಗೆ ಕೇಳುತ್ತಿರಲಿಲ್ಲ. ಐವತ್ತೈದು ವರ್ಷದ ಹೆಂಗಸು ತನಗೆ ಗೊತ್ತಿಲ್ಲದ್ದನ್ನು ಗೊತ್ತಿದ್ದವನ ಹತ್ತಿರ ಕೇಳುತ್ತಿದ್ದಳು. ಹುಟ್ಟಿದಂದಿನಿಂದ ನಾನು ತೊಟ್ಟ ಒಂದೊಂದು ಅಂಗಿಯೂ ಬೆಚ್ಚಗಿತ್ತು. ಬಟ್ಟೆ ಎಂದರೇ ಬೆಚ್ಚಗಿರುವುದು ಎಂದುಕೊಂಡಿದ್ದೆ.

"ಹೂಂ ಅಕ್ಕ, ಇರುತ್ತೆ," ಎಂದೆ. "ದಿನಾ ಇರುತ್ತೆ."